ಬೆಲ್ಲ ನೀರು ನೆಂಟರಿಗೆ

ಜೀವನಾಂಶ ಕಡಿಮೆ ಮಾಡಿಸಿಕೊಡಿ ಎಂದು ಬರುವ ಗಂಡಸರನ್ನು ವಕೀಲೆ ಘೋಷಾಲ್ ಮೇಡಂ ಅಲಿಪುರದ ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದರು. ಸಂಬಳ ಮುಚ್ಚಿಡುವವರು, ಅಂಗಡಿಯನ್ನು ತಮ್ಮನ ಹೆಸರಿಗೆ ಬರೆದುಬಿಡುವವರು, ವಾಯಿದೆಯ ದಿನವೇ ಬೆನ್ನುನೋವು ಬರಿಸಿಕೊಳ್ಳುವವರು, ಹೀಗೆ ಅವರಲ್ಲಿ ನಾನಾ ಜಾತಿ. ಆದರೆ 'ನನ್ನ ಮೇಲೆ ಜೀವನಾಂಶ ಹಾಕಿಸಿ' ಎಂದು ತಾನಾಗಿ ಬಂದು ಕುರ್ಚಿ ಎಳೆದು ಕುಳಿತವನು ರವಿರಾಜನೊಬ್ಬನೇ. ಮೇಡಂ ಪೆನ್ನು ಕೆಳಗಿಟ್ಟರು. ಹೆಂಡತಿ ಕೇಳಿದ್ದಾಳೆಯೇ ಎಂದರು. ಇಲ್ಲ ಎಂದ. ಕೋರ್ಟು ನೋಟೀಸು ಕಳಿಸಿದೆಯೇ ಎಂದರು. ಅದೂ ಇಲ್ಲ. ಹಾಗಾದರೆ ತಲೆ ನೆಟ್ಟಗಿದೆಯೇ ಎಂದು ಕೇಳುವುದೊಂದು ಬಾಕಿ ಇತ್ತು, ಅದನ್ನು ಕೇಳದೆ ಎರಡು ಚಹಾ ತರಿಸಿದರು.

ರವಿರಾಜನ ತಲೆ ನೆಟ್ಟಗೇ ಇತ್ತು. ನೆಟ್ಟಗಾಗಲು ಮೂರು ವರ್ಷ ಹಿಡಿಯಿತು, ಅಷ್ಟೇ.

ಅವನು ಕುಂದಾಪುರದ ಕಡೆಯಿಂದ ಬಂಗಾಳಕ್ಕೆ ಬಂದು ನೆಲೆಸಿದವನು. ಹಳಬರು ಈಗಲೂ ಡಾಲ್‌ಹೌಸಿ ಎನ್ನುವ ಬಿಬಿಡಿ ಬಾಗಿನ ಒಂದು ಗಲ್ಲಿಯಲ್ಲಿ ಅವನ ಹೋಟೆಲು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಊಟ, ಸಂಜೆ ಆಫೀಸು ಬಿಟ್ಟ ಬಾಬುಗಳಿಗೆ ದೋಸೆ. ನಮ್ಮ ಕಡೆ ಸಾಂಬಾರಿಗೆ ಬೆಲ್ಲ ಹಾಕುವುದನ್ನು ಕಂಡು ಮೂಗು ಮುರಿಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಂಗಾಳಿಯ ನಾಲಿಗೆ ಒಲಿದದ್ದು ಆ ಬೆಲ್ಲಕ್ಕೇ. ಅದೊಂದರಿಂದಲೇ ರವಿರಾಜನ ಹೋಟೆಲು ನಿಂತಿತು ಎಂದರೂ ತಪ್ಪಿಲ್ಲ.

ಹೋಟೆಲು ನಿಂತಿತು, ಸಂಸಾರ ನಿಲ್ಲಲಿಲ್ಲ. ಲಾಕ್‌ಡೌನಿನಲ್ಲಿ ಒಲೆ ಆರಿ, ಸಾಲ ಏರಿ, ಅವನ ಬಾಯಿ ಕೆಟ್ಟಿತು. ಸಿಟ್ಟು ಬಂದಾಗ ಎದುರಿಗೆ ಇದ್ದವಳು ಹೆಂಡತಿ ಮುಕ್ತಾ. ಕೈ ಎತ್ತಲಿಲ್ಲ ನಿಜ. ಆದರೆ ಆಡಿದ ಮಾತು ಕೈಗಿಂತ ಹಗುರವೇನೂ ಆಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮುಕ್ತಾ ಮಗಳು ಶ್ರೇಯಾಳನ್ನು ಕರೆದುಕೊಂಡು, ನಾಲ್ಕು ದಿನ ಇದ್ದು ಬರುತ್ತೇನೆಂದು ಲೇಕ್ ಮಾರ್ಕೆಟ್ಟಿನ ಹತ್ತಿರ ಇರುವ ಅಣ್ಣ ಉಮಾಪತಿಯ ಮನೆಗೆ ಹೋದಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ.

ಉಮಾಪತಿ ಅಂದರೆ ಸಾಮಾನ್ಯನಲ್ಲ. ಮದುವೆ, ಮುಂಜಿ, ಆಫೀಸಿನ ಪಾರ್ಟಿಗಳಿಗೆ ಅಡುಗೆ ವಹಿಸಿಕೊಳ್ಳುವ ಕಸುಬು, ದೊಡ್ಡ ಮನೆ, ಅದಕ್ಕಿಂತ ದೊಡ್ಡ ಮೀಸೆ. ಕೆಟ್ಟವನೇ ಎಂದರೆ ಅಲ್ಲ. ಸುಳ್ಳು ಹೇಳುವುದನ್ನು ಹೇಸಿಗೆ ಎಂದುಕೊಂಡವನು. ಅವನ ಕಾಯಿಲೆ ಒಂದೇ, ಮರ್ಯಾದೆ. ಕರಾವಳಿಯ ಈ ಜನಕ್ಕೆ ಮಗು ಯಾವತ್ತೂ ತಾಯಿಮನೆಯದು. ಬಳಿ ಎನ್ನುವ ಕುಲ ತಾಯಿಯದು, ಮನೆ ತಾಯಿಯದು, ಯಜಮಾನಿಕೆ ಸೋದರಮಾವನದು. ಅಳಿಯಕಟ್ಟು ಕಾನೂನಿನಿಂದ ಹೋಗಿ ಎಷ್ಟೋ ಕಾಲವಾದರೂ ಮನಸ್ಸಿನಿಂದ ಹೋಗಬೇಕಲ್ಲ. ಅಪ್ಪ ಎನ್ನುವವನು ಅಲ್ಲಿ ಬಂದುಹೋಗುವ ಜನ.

ರವಿರಾಜನ ಅಪ್ಪನೂ ಹಾಗೇ ಇದ್ದವರು. ವಾರಕ್ಕೊಮ್ಮೆ ಹೆಂಡತಿಯ ಮನೆಗೆ ಬರುತ್ತಿದ್ದರು. ಜಗಲಿಯ ತುದಿಯಲ್ಲಿ ಕೂರುತ್ತಿದ್ದರು, ಚಪ್ಪಲಿಯನ್ನು ಹೊರಗೆ ಮುಖ ಮಾಡಿ ಬಿಡುತ್ತಿದ್ದರು. ಮಕ್ಕಳನ್ನು ಆಟಕ್ಕೆ ಕರೆದೊಯ್ಯಬೇಕಾದರೂ ಭಾವನ ಮುಖ ನೋಡಬೇಕು. ಒಳಗಿನಿಂದ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಬರುತ್ತಿತ್ತು. ನಮ್ಮಲ್ಲಿ ಮನೆಗೆ ಬಂದ ನೆಂಟನಿಗೆ ಮೊದಲು ಕೊಡುವುದು ಅದನ್ನೇ. ಆ ಬೆಲ್ಲವನ್ನು ಅಪ್ಪ ಬಾಯಿಗೆ ಹಾಕದೆ ಮಗನ ಕೈಗೆ ಇಡುತ್ತಿದ್ದರು. ಆಗ ಅದು ರವಿರಾಜನಿಗೆ ಸಿಹಿಯಾಗಿಯೇ ಇತ್ತು.

ಹೀಗೆ ಬೆಳೆದವನಾದ್ದರಿಂದಲೇ ಅವನು ಈ ತಪ್ಪು ಮಾಡಿದ. ಮುಕ್ತಾ ಹೋದ ತಿಂಗಳೇ ಮಗಳ ಖರ್ಚಿಗೆಂದು ಲಕೋಟೆಯಲ್ಲಿ ಹಣ ಹಾಕಿಕೊಂಡು ಉಮಾಪತಿಯ ಮನೆಗೆ ಹೋದ. ಫೋನಿನಲ್ಲೇ ಕಳಿಸಬಹುದಿತ್ತು. ಎಲ್ಲಿಯ ಮಾತು? ಭಾವನಿಗೆ ಫೋನಿನಲ್ಲಿ ದುಡ್ಡು ಒತ್ತುವುದೆಂದರೆ ತರಕಾರಿಯವನ ಬಾಕಿ ಚುಕ್ತಾ ಮಾಡಿದಂತೆ. ತಟ್ಟೆಯಲ್ಲಿ ವೀಳ್ಯದೆಲೆ ಇಟ್ಟು, ಅದರ ಮೇಲೆ ಲಕೋಟೆ ಇಟ್ಟು, ತಲೆ ತಗ್ಗಿಸಿ ಮುಂದೆ ಸರಿಸಿದ. ಉಮಾಪತಿ ಎಲೆಯೊಂದನ್ನು ಎತ್ತಿಕೊಂಡು ತಟ್ಟೆಯನ್ನು ವಾಪಸು ದೂಡಿದ.

"ಇದೆಲ್ಲ ಎಂತಕೆ ಮಾರಾಯ? ನಮ್ಮನೆ ಹೆಣ್ಣಿಗೆ ಒಂದ್ ತುತ್ತು ಹಾಕುಕೆ ನಂಗೆ ಆತಿಲ್ಯಾ?"

ಮರುತಿಂಗಳೂ ತಂದ, ಅದೇ ಆಯಿತು. ಇನ್ನೂ ಒಂದೆರಡು ಸಲ ತಂದ ಮೇಲೆ ರವಿರಾಜ ಇದನ್ನು ದೊಡ್ಡತನ ಎಂದುಕೊಂಡ. ಸೋದರಮಾವನಾದವನು ಹೊಣೆ ಹೊತ್ತಿದ್ದಾನೆ, ನಾನು ಒತ್ತಾಯ ಮಾಡಿದರೆ ಅವಮಾನವಾದೀತು ಎಂದು ಸುಮ್ಮನಾದ. ಹಣ ನಿಂತಿತು. ಬದಲಿಗೆ ಮಿಠಾಯಿ, ಫ್ರಾಕು, ಬಣ್ಣದ ಪೆನ್ಸಿಲು ಹೊತ್ತುಕೊಂಡು ಭಾನುವಾರ ಸಂಜೆ ಹೋಗಿ ಸೋಫಾದ ತುದಿಯಲ್ಲಿ ಕೂತು ಬರುತ್ತಿದ್ದ. ಮುಕ್ತಾ ಆ ಹೊತ್ತಿಗೆ ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ತಾನೂ ಅಪ್ಪನಂತೆಯೇ ಚಪ್ಪಲಿಯನ್ನು ಹೊರಗೆ ಮುಖ ಮಾಡಿ ಬಿಡುತ್ತಿದ್ದೇನೆಂದು ಅವನಿಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ಹೋದ ದುರ್ಗಾಪೂಜೆಯ ಮಾರನೆಯ ವಾರ. ಅಷ್ಟಮಿಯ ದಿನ ಮಗಳನ್ನು ಪಂಡಾಲು ನೋಡಲು ಕರೆದೊಯ್ಯುತ್ತೇನೆಂದು ಕೇಳಿದ್ದ. ನಾವೆಲ್ಲ ಹೋಗುತ್ತೇವೆ, ಬೇಕಾದರೆ ನೀನೂ ಬಾ ಎಂದಿದ್ದ ಉಮಾಪತಿ. ಅವನು ಹೋಗಿರಲಿಲ್ಲ. ಆ ಭಾನುವಾರ ಬಾಗಿಲು ತೆರೆದದ್ದು ಅತ್ತೆ ಪ್ರಫುಲ್ಲಾ. ಅವರು ಒಳಗೆ ತಿರುಗಿ ಮೊಮ್ಮಗಳನ್ನು ಕೂಗಿದರು.

"ಶ್ರೇಯಾ, ಅಪ್ಪ ಬಂದ್ರ್ ಕಾಣ್. ಬೆಲ್ಲ ನೀರ್ ತಕಂಡ್ ಬಾ."

ಶ್ರೇಯಾ ಬಂದಳು. ಎತ್ತರವಾಗಿದ್ದಳು. ಎರಡು ಕೈಯಲ್ಲೂ ತಟ್ಟೆ ಹಿಡಿದು, ನೀರು ತುಳುಕದಂತೆ ನಾಲಿಗೆ ಕಚ್ಚಿಕೊಂಡು, ಅಮ್ಮಮ್ಮ ಕಲಿಸಿದಂತೆ ಸ್ವಲ್ಪ ಬಾಗಿ ಅವನ ಮುಂದೆ ಇಟ್ಟಳು. ಇಟ್ಟು, ನೆಂಟರ ಮುಂದೆ ನಿಲ್ಲಬಾರದೆಂದು ಒಳಗೆ ಓಡಿದಳು. ರವಿರಾಜ ಆ ಬೆಲ್ಲವನ್ನು ನೋಡಿದ. ತನ್ನ ಅಪ್ಪ ಜೀವಮಾನವಿಡೀ ಈ ತುಂಡನ್ನು ಯಾಕೆ ನುಂಗಲಿಲ್ಲವೆಂದು ಅವತ್ತು ತಿಳಿಯಿತು. ನೀರನ್ನೂ ಮುಟ್ಟದೆ ಎದ್ದು ಬಂದ. ಮೆಟ್ಟಿಲು ಇಳಿಯುವಾಗಲೇ ನಿರ್ಧಾರವಾಗಿತ್ತು: ಇನ್ನು ಆ ಮನೆಯಲ್ಲಿ ನೆಂಟನಾಗಿ ಕೂರುವುದಿಲ್ಲ. ಭಾನುವಾರ ಮಗಳು ತನ್ನ ಮನೆಗೆ ಬರಬೇಕು, ಅವಳ ಅನ್ನದಲ್ಲಿ ತನ್ನ ಪಾಲು ಇರಬೇಕು.

ಹಾಗೆ ಅವನು ಘೋಷಾಲ್ ಮೇಡಂ ಮುಂದೆ ಬಂದು ಕುಳಿತದ್ದು. ಇಲ್ಲಿ ನೆಲೆಸಿದ ಊರಿನ ಹಿರಿಯರು ಸುದ್ದಿ ಕೇಳಿ, ಕೋರ್ಟಿಗೆ ಹೋಗಬೇಡ ಎಂದು ಬುದ್ಧಿ ಹೇಳಿದರು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಒಬ್ಬರಾದ ಮೇಲೊಬ್ಬರು ಅವನದೇ ಹೋಟೆಲಿನಲ್ಲಿ, ಅವನದೇ ಕಾಫಿ ಕುಡಿಯುತ್ತ ಒಪ್ಪಿಸಿದರು. ರವಿರಾಜ ಎಲ್ಲರಿಗೂ ತಲೆಯಾಡಿಸಿದ, ಒಬ್ಬರ ಮಾತನ್ನೂ ಕೇಳಲಿಲ್ಲ.

ಮೊದಲ ವಾಯಿದೆಯ ದಿನವೇ ಪೆಟ್ಟು ಬಿತ್ತು. ಎದುರು ಪಕ್ಷದ ವಕೀಲ ಎದ್ದು ನಿಂತು, ಈ ಮನುಷ್ಯ ಮೂರು ವರ್ಷದಲ್ಲಿ ಮಗಳಿಗೆ ನಯಾಪೈಸೆ ಕೊಟ್ಟಿಲ್ಲ, ಆಗಾಗ ಒಂದು ಮಿಠಾಯಿ ಪೊಟ್ಟಣ ಹಿಡಿದು ಬಂದದ್ದು ಬಿಟ್ಟರೆ ಇವನಿಗೆ ಮಗಳೆಂಬವಳು ಇದ್ದಾಳೆಂದೇ ನೆನಪಿರಲಿಲ್ಲ, ಈಗ ಯಾವ ಬಾಯಲ್ಲಿ ತಂದೆಯ ಹಕ್ಕು ಕೇಳುತ್ತಾನೆ ಎಂದ. ರವಿರಾಜ ದಂಗಾದ. ಕೊಡಲು ಹೋದದ್ದಕ್ಕೆ ರಸೀದಿ ಎಲ್ಲಿದೆ? ವೀಳ್ಯದೆಲೆಗೆ ಯಾರು ಸಹಿ ಹಾಕುತ್ತಾರೆ? ಮುಕ್ತಾ ಬೆಂಚಿನ ಆ ತುದಿಯಲ್ಲಿ ತಲೆ ಎತ್ತದೆ ಕೂತಿದ್ದಳು. ವಕೀಲ ಹೇಳಿದ್ದನ್ನು ಅವಳು ನಂಬಿದ್ದಾಳೆಂಬುದು ಅವಳ ಬಿಗಿದ ಭುಜದಲ್ಲೇ ಕಾಣುತ್ತಿತ್ತು. ಅದು ಅವನಿಗೆ ವಕೀಲನ ಮಾತಿಗಿಂತ ಹೆಚ್ಚು ಚುಚ್ಚಿತು.

ನ್ಯಾಯಾಧೀಶರು, ಮೊದಲು ಮಾತಿನಲ್ಲಿ ಬಗೆಹರಿಯುವುದೋ ನೋಡಿ ಎಂದು ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿದರು. ಹೊರಗೆ ಬಂದ ಮೇಲೆ ಘೋಷಾಲ್ ಮೇಡಂ ಮುಚ್ಚುಮರೆ ಇಲ್ಲದೆ ಹೇಳಿದರು. ಕೊಡಲು ಹೋದೆ ಎನ್ನುವುದು ನಿಮ್ಮ ಮಾತು, ಇಲ್ಲ ಎನ್ನುವುದು ಅವರ ಮಾತು. ಸಾಕ್ಷಿ ಇಲ್ಲದಿದ್ದರೆ ನಾನೇನು ಮಾಡಲಿ? ಸಾಕ್ಷಿ ಇದೆ ಎಂದ ರವಿರಾಜ. ಯಾರು ಎಂದರು. ಉಮಾಪತಿ ಭಾವನೇ ಎಂದ. ಮೇಡಂಗೆ ಎರಡನೆಯ ಸಲ ಇವನ ತಲೆಯ ಬಗ್ಗೆ ಅನುಮಾನ ಬಂತು.

ಮಧ್ಯಸ್ಥಿಕೆಯ ಕೋಣೆಯಲ್ಲಿ ಒಂದು ಉದ್ದ ಮೇಜು, ಗೋಡೆಯಲ್ಲಿ ಮಕ್ಕಳು ಬಿಡಿಸಿದ ಚಿತ್ರಗಳು. ನಡುವೆ ಕೂತವರು ಬಾಗ್ಚಿ ಎಂಬ ವಯಸ್ಸಾದ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ಒಂದು ಬದಿ ರವಿರಾಜ ಮತ್ತು ಘೋಷಾಲ್ ಮೇಡಂ, ಇನ್ನೊಂದು ಬದಿ ಮುಕ್ತಾ, ಉಮಾಪತಿ, ಅವರ ವಕೀಲ. ಬಾಗ್ಚಿಯವರು ಹಿಂದಿಯಲ್ಲಿ ರವಿರಾಜನಿಗೆ ಏನು ಬೇಕೆಂದು ಕೇಳಿದರು. ಮಗಳ ಖರ್ಚಿಗೆ ತಿಂಗಳು ತಿಂಗಳು ನಾನು ಕೊಡಬೇಕೆಂದು ಬರೆಯಿರಿ, ಮತ್ತೆ ಭಾನುವಾರ ಅವಳನ್ನು ನನ್ನ ಮನೆಗೆ ಕಳಿಸಿ ಎಂದ.

ಬಾಗ್ಚಿಯವರು ಕನ್ನಡಕ ತೆಗೆದರು. ಇದು ಸಿನಿಮಾ ಟಿಕೆಟ್ಟಲ್ಲ ಎಂದರು. ಹಣ ಕೊಟ್ಟರೆ ಮಗು ನೋಡಲು ಸಿಗುತ್ತದೆ, ಮಗು ತೋರಿಸದಿದ್ದರೆ ಹಣ ನಿಲ್ಲಿಸುತ್ತೇನೆ ಎನ್ನುವ ಅಪ್ಪಂದಿರನ್ನು ಕಂಡು ಕಂಡು ಅವರಿಗೆ ಸಾಕಾಗಿತ್ತು. ಹಣವೂ ಮಗುವಿನ ಹಕ್ಕು, ಅಪ್ಪನೂ ಮಗುವಿನ ಹಕ್ಕು, ಒಂದಕ್ಕೆ ಇನ್ನೊಂದನ್ನು ಕಟ್ಟಬೇಡಿ ಎಂದು ಗದರಿದ ಹಾಗೆ ಹೇಳಿದರು.

ರವಿರಾಜ, ಹಾಗಾದರೆ ಭಾನುವಾರ ಕೊಡದಿದ್ದರೂ ಪರವಾಗಿಲ್ಲ, ಹಣವನ್ನು ಇವತ್ತೇ ಬರೆದುಬಿಡಿ, ಭಾನುವಾರವನ್ನು ನಾನು ಮತ್ತೆ ಮತ್ತೆ ಬಂದು ಕೇಳುತ್ತೇನೆ ಎಂದ. ಘೋಷಾಲ್ ಮೇಡಂ ಮೇಜಿನ ಕೆಳಗೆ ಅವನ ಕಾಲು ತುಳಿದರು. ಅವನು ಕಾಲು ಎಳೆದುಕೊಳ್ಳಲಿಲ್ಲ, ಮಾತನ್ನೂ ಹಿಂದೆ ತೆಗೆದುಕೊಳ್ಳಲಿಲ್ಲ.

ಎದುರಿನ ವಕೀಲ ನಕ್ಕ. ಮೂರು ವರ್ಷ ಇಲ್ಲದ ಪ್ರೀತಿ ಈಗ ಉಕ್ಕಿದೆ, ಪಾಪ ಈ ಅಣ್ಣ ಒಬ್ಬರೇ ತಂಗಿಯ ಮಗುವನ್ನು ಸಾಕಬೇಕಾಯಿತು ಎಂದ. ರವಿರಾಜ ಕಾಯುತ್ತಿದ್ದದ್ದು ಇದನ್ನೇ. ಅವನು ವಕೀಲನ ಕಡೆ ತಿರುಗಿಯೂ ನೋಡಲಿಲ್ಲ. ಉಮಾಪತಿಯ ಮುಖ ನೋಡಿ, ಊರಿನ ಮಾತಿನಲ್ಲಿ, ದನಿ ಏರಿಸದೆ ಕೇಳಿದ.

"ಭಾವ, ಒಂದೇ ಮಾತ್ ಕೇಳ್ತೆ. ನಾನ್ ಕೊಡ್ಲಿಲ್ಲ ಅಂದ್ರೆ ನೀವ್ ಕೇಳಿದ್ರಿ ಅಂತ ಆಯ್ತಲ್ದಾ? ನೀವ್ ಯಾವತ್ತ್ ನನ್ನ ಹತ್ರ ಕೈ ಒಡ್ಡಿದ್ರಿ?"

ಉಮಾಪತಿಯ ಮೀಸೆ ಅದುರಿತು.

"ನಾನಾ? ನಿನ್ನ ಹತ್ರ ಕೈ ಒಡ್ಡುದಾ?"

ಆಮೇಲೆ ಅವನನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ವಕೀಲ ಮೊಣಕೈ ಹಿಡಿದು ಎಳೆದ, ಕೊಡವಿಕೊಂಡ. ಈ ಕೋಣೆಯಲ್ಲಿ ಒಬ್ಬರಿಗೂ ಸಂಶಯ ಉಳಿಯಬಾರದೆಂದು ಹಿಂದಿಗೆ ಹೊರಳಿ, ಬಾಗ್ಚಿಯವರ ಮುಂದೆ ಮೇಜು ಕುಟ್ಟಿ ಹೇಳಿದ. ತಾನು ಯಾರ ಹತ್ತಿರವೂ ಕೇಳಿದವನಲ್ಲ. ಇವನೇ ಲಕೋಟೆ ಹಿಡಿದು ತಿಂಗಳು ತಿಂಗಳು ಬಂದ, ತಾನು ಮುಟ್ಟಲಿಲ್ಲ, ತಟ್ಟೆ ಸಮೇತ ವಾಪಸು ದೂಡಿದೆ. ಬೇಕಾದರೆ ತನ್ನ ತಾಯಿಯನ್ನು ಕರೆಸಿ ಕೇಳಿ. ಸೋದರಸೊಸೆಯ ಅನ್ನಕ್ಕೆ ಇನ್ನೊಂದು ಮನೆಯ ದುಡ್ಡು ತೆಗೆದುಕೊಳ್ಳುವ ಗತಿ ತನಗೆ ಬಂದಿಲ್ಲ.

ಹೇಳಿ ಮುಗಿಸಿ ಅವನು ಗೆದ್ದವನಂತೆ ಸುತ್ತ ನೋಡಿದ. ವಕೀಲ ತನ್ನ ಕಡತವನ್ನು ಮೆಲ್ಲಗೆ ಮುಚ್ಚಿದ. ಘೋಷಾಲ್ ಮೇಡಂ ಕೆಮ್ಮು ಬಂದವರಂತೆ ಬಾಯಿಗೆ ಸೆರಗು ಒತ್ತಿಕೊಂಡರು. ಬಾಗ್ಚಿಯವರು ಮಾತ್ರ ಉಮಾಪತಿಯನ್ನು ನೋಡುತ್ತಿರಲಿಲ್ಲ, ಮುಕ್ತಾಳನ್ನು ನೋಡುತ್ತಿದ್ದರು.

ಮುಕ್ತಾ ತಲೆ ಎತ್ತಿದ್ದಳು. ಅಣ್ಣನ ಮನೆಯಲ್ಲಿ ಉಂಡು ಕೂರಬಾರದೆಂದು ಅವಳು ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ್ದಳು. ಅಪ್ಪನಾದವನು ಕೈಬಿಟ್ಟನಲ್ಲ ಎಂಬ ಹಟಕ್ಕೆ ಮಗಳ ಫೀಸನ್ನು ತಾನೇ ಕಟ್ಟುತ್ತಿದ್ದಳು. ಸಂಬಳ ಸಾಲದೆ ಬಳೆ ಅಡವಿಟ್ಟಿದ್ದಳು. ಲಕೋಟೆಯ ವಿಷಯ ಈಗಷ್ಟೇ ಅವಳ ಕಿವಿಗೆ ಬಿದ್ದದ್ದು. ಬಣ್ಣ ಹೋದ ಮುಖ ಮೊದಲು ಅಣ್ಣನ ಕಡೆ ತಿರುಗಿತು, ಆಮೇಲೆ ಗಂಡನ ಕಡೆ.

"ನಂಗ್ ಯಾರೂ ಹೇಳ್ಲಿಲ್ಲ," ಎಂದಳು. "ನೀವಿಬ್ರೂ ಗಂಡಸ್ರ್ ತಟ್ಟೆ ಆಚೆ ಈಚೆ ದೂಡ್ತಾ ಕೂತ್ಕಂಡ್ರಿ. ಹೆತ್ತದ್ದ್ ನಾನ್. ನನ್ನ ಹತ್ರ ಒಬ್ರಾದ್ರೂ ಒಂದ್ ಮಾತ್ ಕೇಳಿದ್ರ್ಯಾ?"

ರವಿರಾಜನಿಗೆ ಒಂದು ಗಳಿಗೆಯ ಹಿಂದೆ ಗೆದ್ದಂತಾಗಿತ್ತು. ಈಗ ನಾಚಿಕೆಯಾಯಿತು. ಭಾವನ ಮರ್ಯಾದೆಯನ್ನು ಅಷ್ಟು ಬಲ್ಲವನಿಗೆ ಪಕ್ಕದ ಕೋಣೆಯಲ್ಲಿದ್ದವಳ ಬಾಗಿಲು ತಟ್ಟಬೇಕೆಂದು ಹೊಳೆಯಲಿಲ್ಲವಲ್ಲ! ಲಕೋಟೆಯನ್ನು ಯಾರ ಮುಂದೆ ಇಡಬೇಕಿತ್ತೋ ಅವರ ಮುಂದೆ ಒಂದು ದಿನವೂ ಇಟ್ಟಿರಲಿಲ್ಲ. ತಪ್ಪಾಯಿತು ಎಂದ. ಬಾಯಿ ಮಾತಿಗೆ ಅಂದದ್ದಲ್ಲ, ಅವಳಿಗೂ ಅದು ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಅವಳು ಕರಗಲಿಲ್ಲ.

ಮುಂದಿನದನ್ನೆಲ್ಲ ಮುಕ್ತಾಳೇ ಹೇಳಿ ಬರೆಸಿದಳು. ಹಣ ನೇರವಾಗಿ ತನ್ನ ಖಾತೆಗೆ ಬರಬೇಕು, ಅಣ್ಣನ ಕೈಗಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಶ್ರೇಯಾ ಅಪ್ಪನ ಹತ್ತಿರ ಇರಬಹುದು, ಕರೆತಂದು ಬಿಡುವವಳು ತಾನು. ಪೂಜೆಯ ರಜೆಯ ಮಾತು ಪೂಜೆ ಬಂದಾಗ. ತಾನು ವಾಪಸು ಹೋಗುವ ಮಾತು ಯಾರೂ ಎತ್ತಬಾರದು. ರವಿರಾಜ ಪ್ರತಿಯೊಂದಕ್ಕೂ ಹೂಂ ಎಂದ. ಉಮಾಪತಿ ಏನೋ ಹೇಳಲು ಬಾಯಿ ತೆರೆದ. ತಂಗಿ ಅವನ ಕಡೆ ನೋಡಿದಳು, ಬಾಯಿ ಮುಚ್ಚಿದ. ಕೋರ್ಟಿನ ಗೇಟಿನಲ್ಲಿ ಮಾತ್ರ ರವಿರಾಜನ ಪಕ್ಕ ಬಂದು ನಿಂತು, ನೀನು ನನ್ನ ಬಾಯಿಂದಲೇ ಹೇಳಿಸಿದೆ ಅಲ್ಲವೇ ಎಂದ. ಹೌದು ಎಂದ ರವಿರಾಜ. ನಿಜವನ್ನೇ ಅಲ್ಲವೇ ಹೇಳಿಸಿದ್ದು ಎಂದೂ ಸೇರಿಸಿದ. ಉಮಾಪತಿ ಮೀಸೆ ತಿರುವಿ ಟ್ಯಾಕ್ಸಿ ಹತ್ತಿದ.

ನ್ಯಾಯಾಧೀಶರ ಮೊಹರು ಬಿದ್ದ ಮೇಲಿನ ಮೊದಲ ಭಾನುವಾರ ಬಂತು. ಭಾನುವಾರ ಡಾಲ್‌ಹೌಸಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಬ್ಯಾಂಕು ಮುಚ್ಚಿರುತ್ತದೆ, ಬಾಬುಗಳು ಮನೆಯಲ್ಲಿ ಮೀನು ತಿನ್ನುತ್ತಿರುತ್ತಾರೆ, ಹೋಟೆಲಿಗೂ ರಜೆ. ರವಿರಾಜ ಹೋಟೆಲಿನ ಮೇಲಿನ ತನ್ನ ಕೋಣೆಯನ್ನು ಹಿಂದಿನ ದಿನವೇ ಗುಡಿಸಿ, ಒರೆಸಿ, ಮತ್ತೊಮ್ಮೆ ಒರೆಸಿದ್ದ. ಕಿಟಕಿಗೆ ಹೊಸ ಪರದೆ ಹಾಕಿದ್ದ. ಮುಕ್ತಾ ಮಗಳನ್ನು ಕೆಳಗಿನ ಬಾಗಿಲವರೆಗೆ ತಂದು ಬಿಟ್ಟು, ಸಂಜೆ ಬರುತ್ತೇನೆಂದು ಹೇಳಿ, ಮೇಲೆ ನೋಡದೆ ಹೋದಳು. ಶ್ರೇಯಾ ಬೆನ್ನಿಗೊಂದು ಚೀಲ ಹಾಕಿಕೊಂಡು ಕಿರುಗುಟ್ಟುವ ಮರದ ಮೆಟ್ಟಿಲು ಹತ್ತಿ ಬಂದಳು.

ಬಂದವಳು ಕೋಣೆಯನ್ನು ಒಂದು ಸುತ್ತು ನೋಡಿ, ಹೊಸ ಪರದೆ ಮುಟ್ಟಿ, ಕುರ್ಚಿಯ ತುದಿಯಲ್ಲಿ ಕೂತಳು. ರವಿರಾಜನಿಗೆ ಏನು ಮಾತಾಡಬೇಕೋ ತೋಚಲಿಲ್ಲ. ಇಷ್ಟು ದಿನ ಹಟ ಹಿಡಿದು ಗಳಿಸಿದ ಭಾನುವಾರ ಎದುರಿಗೆ ಕೂತಿತ್ತು, ಅದರ ಜೊತೆ ಏನು ಮಾಡುವುದೆಂದು ಗೊತ್ತಿರಲಿಲ್ಲ. ಮಾತು ತೋಚದಾಗ ಕೈ ತನ್ನ ರೂಢಿಯ ಕೆಲಸ ಮಾಡುತ್ತದೆ. ಒಳಗೆ ಹೋದ. ಊರಿನಿಂದ ತರಿಸಿದ ಬೆಲ್ಲದ ಅಚ್ಚು ಒಡೆದು, ಚೆಂದದ ತುಂಡೊಂದನ್ನು ಆರಿಸಿ ತಟ್ಟೆಯಲ್ಲಿಟ್ಟ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟ. ಎರಡು ಕೈಯಲ್ಲಿ ತಂದು ಅವಳ ಮುಂದೆ ಇಟ್ಟ.

ಶ್ರೇಯಾ ತಟ್ಟೆ ನೋಡಿದಳು, ಅಪ್ಪನನ್ನು ನೋಡಿದಳು. ಹುಬ್ಬು ಗಂಟಾಯಿತು.

"ನಾನು ಗೆಸ್ಟಾ, ಅಪ್ಪಾ?"

ರವಿರಾಜನ ಕೈ ಅಲ್ಲೇ ನಿಂತಿತು. ಕಣ್ಣು ತುಂಬಿತು, ಮಗಳು ನೋಡಿದರೆ ನೋಡಲಿ ಎಂದು ಒರೆಸಿಕೊಳ್ಳಲೂ ಇಲ್ಲ. ಬಗ್ಗಿ ತಟ್ಟೆಯನ್ನು ಎತ್ತಿಕೊಂಡ.

"ಅಲ್ಲ. ತಪ್ಪಾಯ್ತ್ ಕಾಣ್. ಲೋಟ ಅಲ್ಲಿ ಕಪಾಟಿನಗಿತ್ತ್, ನೀರ್ ಬೇಕಾರೆ ನೀನೇ ತಕೊ."

ಅವಳು ಎದ್ದು ಹೋಗಿ ಕಪಾಟು ತೆರೆದಳು. ಎರಡು ಲೋಟ ಕೆಳಗೆ ಬೀಳಿಸಿದಳು, ಮೂರನೆಯದರಲ್ಲಿ ನೀರು ಹಿಡಿದು ನಿಂತಲ್ಲೇ ಗಟಗಟ ಕುಡಿದಳು. ಆಮೇಲೆ ಕೇಳದೆಯೇ ಆ ಬೆಲ್ಲದ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ರವಿರಾಜ ಅವಳ ಚೀಲವನ್ನು ಗೋಡೆಯ ಮೊಳೆಗೆ, ತನ್ನ ಅಂಗಿಯ ಪಕ್ಕ ತೂಗುಹಾಕಿದ. ನಾಳೆಯ ಇಡ್ಲಿಗೆ ಉದ್ದು ನೆನೆಸಿಟ್ಟಿದೆ, ತೊಳೆಯಬೇಕು, ಕೆಳಗೆ ಬರುತ್ತೀಯಾ ಎಂದು ಕೇಳಿದ.

"ಬತ್ತೆ," ಎಂದಳು ಶ್ರೇಯಾ, ಬಾಯಿ ತುಂಬ ಬೆಲ್ಲ ಇಟ್ಟುಕೊಂಡೇ. ಇಬ್ಬರೂ ಮೆಟ್ಟಿಲಿಳಿದರು. ಹೋಟೆಲಿನ ಹಿತ್ತಲ ಬಾಗಿಲಲ್ಲಿ ಅವಳು ತನ್ನ ಚಪ್ಪಲಿಯನ್ನು ಅಪ್ಪನ ಚಪ್ಪಲಿಯ ಮೇಲೆಯೇ ಒದ್ದು ಬಿಟ್ಟು, ಅಂಗಿಯ ತೋಳು ಮಡಿಸಿಕೊಂಡು ಉದ್ದಿನ ಪಾತ್ರೆಗೆ ಕೈ ಹಾಕಿದಳು. ನೀರು ತಣ್ಣಗಿದೆ ಎಂದು ಶಾಲೆಯಲ್ಲಿ ಆಡುವ ಹಿಂದಿಯಲ್ಲಿ ದೂರು ಹೇಳಿದಳು.